ದ್ರವ್ಯವೂ ದೇವಸಭೆಯೂ

ದ್ರವ್ಯವಿಲ್ಲದೆ ದೇವಸಭೆಯು ನಡೆಯದು. ದೀಪಕ್ಕೆ ಎಣ್ಣೆ ಬೇಕು. ಸೋರುವ ಮಾಡಿಗೆ ಹೆಂಚು ಬೇಕು. ಮಕ್ಕಳಿಗೆ ಶಾಸ್ತ್ರವನ್ನು ಕಲಿಸುವ ಗುರುವಿಗೆ ಗ್ರಾಸ ಬೇಕು. ಇಷ್ಟನ್ನೂ ಯಾರಾದರೂ ಕೊಡಲೇಬೇಕು. ಕೊಡುವವರಲ್ಲಿ ಹೆಚ್ಚು ಕೊಡುವವನೊಬ್ಬ, ಕಡಮೆ ಕೊಡುವವನೊಬ್ಬ, ಏನನ್ನೂ ಕೊಡಲಾರದವನೊಬ್ಬ ಇದ್ದೇ ಇರುವರು. ಇಲ್ಲಿಯವರೆಗೆ ತೊಡಕೇನೂ ಇಲ್ಲ. ಹೆಚ್ಚು ಕೊಟ್ಟವನು ಹೋಗಿ ಮುಂದಿನ ಸಾಲಿನಲ್ಲಿ ಕುಳಿತಾಗಲೇ ತೊಡಕು ಹುಟ್ಟುವುದು. ದೇವರ ಮುಂದೆ ಎಲ್ಲರೂ ಸಮಾನರೆಂದು ಬಾಯಿಂದ ನುಡಿಯುವ ಸಭೆಯು ಆಗ ಕಣ್ಣಿಗೆ ಬೇರೊಂದನ್ನು ತೋರಿಸತೊಡಗುವುದು. ಹಾಗಾದರೆ ದಾನಿಗೆ ಮಾನವನ್ನು ಕೊಡಬಾರದೆ? ಕೊಡದಿದ್ದರೆ ದೀಪವು ಉರಿಯುವುದೆ?

ಈ ಪ್ರಶ್ನೆಯನ್ನು ಶತಮಾನಗಳಿಂದ ಎದುರಿಸುತ್ತ ಬಂದ ಜನಾಂಗಗಳಲ್ಲಿ ಯೆಹೂದ್ಯರು ಮುಖ್ಯರು. ರಾಜ್ಯವನ್ನು ಕಳೆದುಕೊಂಡು ನಾಡುನಾಡುಗಳಲ್ಲಿ ಚದರಿಹೋದ ಅವರ ಸಭೆಗಳಿಗೆ ಉಂಬಳಿ ಜಹಗೀರುಗಳ ಆಸರೆ ಅಪರೂಪವಾಗಿತ್ತು. ಪ್ರತಿಯೊಂದು ಸಭೆಯೂ ತನ್ನ ಗೃಹಸ್ಥರ ಕೈಚೀಲವನ್ನೇ ನಂಬಿ ನಿಂತಿತು. ಆದುದರಿಂದ ಹಣವನ್ನು ಕೂಡಿಸುವುದರ ಧರ್ಮಸೂಕ್ಷ್ಮವನ್ನು ಅವರ ಪಂಡಿತರು ಪೂಜಾವಿಧಿಯಷ್ಟೇ ಶ್ರದ್ಧೆಯಿಂದ ಚರ್ಚಿಸಿರುವರು.

ಅವರ ಧರ್ಮಗ್ರಂಥದ ವಿಮೋಚನಕಾಂಡದಲ್ಲಿ ಎರಡು ಬಗೆಯ ಕಾಣಿಕೆಗಳು ಹೇಳಲ್ಪಟ್ಟಿವೆ. ಮೊದಲನೆಯದು ಅರ್ಧ ಶೆಕೆಲ್ ಬೆಳ್ಳಿ. ಇಪ್ಪತ್ತು ವರ್ಷ ತುಂಬಿದ ಪ್ರತಿಯೊಬ್ಬ ಪುರುಷನೂ ತನ್ನ ಪ್ರಾಣಕ್ಕೆ ಈಡಾಗಿ ಇದನ್ನು ಸಲ್ಲಿಸಬೇಕು. ಐಶ್ವರ್ಯವಂತನು ಇದಕ್ಕಿಂತ ಹೆಚ್ಚು ಕೊಡಕೂಡದು, ಬಡವನು ಕಡಮೆ ಕೊಡಕೂಡದು ಎಂಬುದು ವಿಧಿ. ಎರಡನೆಯದು ಮನಸ್ಸಿದ್ದವರು ಮನಸ್ಸಿದ್ದಷ್ಟು ತರುವ ಕಾಣಿಕೆ. ಓಲೆ, ಉಂಗುರ, ಬಣ್ಣದ ನೂಲು, ನಯವಾದ ನಾರುಬಟ್ಟೆ, ಸುಗಂಧದ್ರವ್ಯ ಮುಂತಾದುವೆಲ್ಲ ಇದರಲ್ಲಿ ಸೇರುವುವು. ದೇವದರ್ಶನದ ಗುಡಾರವನ್ನು ಕಟ್ಟುವಾಗ ಈ ಎರಡೂ ಬಳಕೆಯಾದುವು. ಯಾವುದು ಎಲ್ಲಿ ಬಳಕೆಯಾಯಿತೆಂಬುದನ್ನು ಗ್ರಂಥವು ಲೆಕ್ಕವಿಟ್ಟು ಹೇಳುವುದೇ ಸ್ವಾರಸ್ಯ. ಎಣಿಕೆಗೆ ಬಂದ ಪುರುಷರು 6,03,550 ಮಂದಿ. ತಲೆಗೆ ಅರ್ಧ ಶೆಕೆಲ್ಲಿನಂತೆ ಕೂಡಿದ ಬೆಳ್ಳಿಯು 100 ತಲಾಂತು ಮತ್ತು 1,775 ಶೆಕೆಲ್. ಆ ನೂರು ತಲಾಂತು ಬೆಳ್ಳಿಯಿಂದ ನೂರು ಅಡಿಪೀಠಗಳನ್ನು ಎರಕ ಹೊಯ್ದರು. ಒಂದೊಂದು ಪೀಠಕ್ಕೆ ಒಂದೊಂದು ತಲಾಂತು. ಗುಡಾರದ ಹಲಗೆಗಳೂ ಗರ್ಭಸ್ಥಾನದ ತೆರೆಯ ಕಂಬಗಳೂ ನಿಂತದ್ದು ಆ ಪೀಠಗಳ ಮೇಲೆ. ಶ್ರೀಮಂತರ ಚಿನ್ನವು ಮೇಲೆ ಥಳಥಳಿಸಿತು. ನೆಲಕ್ಕೆ ತಾಗಿ ಭಾರವನ್ನು ಹೊತ್ತದ್ದು ಮಾತ್ರ ಸರ್ವರ ಸಮಪಾಲಿನ ಬೆಳ್ಳಿ. ಅದರಲ್ಲಿ ಇದು ನನ್ನ ಪಾಲು, ಅದು ನಿನ್ನ ಪಾಲು ಎಂದು ಬೇರ್ಪಡಿಸಿ ತೋರಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಇಚ್ಛಾಕಾಣಿಕೆಯ ಕಥೆಯು ಇನ್ನೂ ಸೊಗಸಾಗಿದೆ. ಜನರು ಪ್ರತಿದಿನ ಬೆಳಗ್ಗೆ ತಂದು ತಂದು ಸುರಿದರು. ಶಿಲ್ಪಿಗಳು ಮೋಶೆಯ ಬಳಿಗೆ ಬಂದು, ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಾಯಿತೆಂದು ಅರಿಕೆ ಮಾಡಿಕೊಂಡರು. ಮೋಶೆಯು ಪಾಳೆಯದಲ್ಲೆಲ್ಲ ಸಾರಿಸಿ ಕಾಣಿಕೆ ತರುವುದನ್ನು ನಿಲ್ಲಿಸಿದನು. ಧನಸಂಗ್ರಹಕ್ಕೆ ಹೊರಟವರು ಸಾಕೆಂದು ಹೇಳಿದ ಉದಾಹರಣೆಯು ಲೋಕದಲ್ಲಿ ಎಷ್ಟು ವಿರಳವೆಂಬುದನ್ನು ಊರ ಪಟ್ಟಿಯನ್ನು ಹಿಡಿದು ಮನೆಮನೆ ತಿರುಗಿದ ಯಾರಾದರೂ ಬಲ್ಲರು.

ಆದರೆ ಅರ್ಧ ಶೆಕೆಲ್ಲಿನ ಸಮತೆಯು ತೋರಿದಷ್ಟು ಸುಲಭವಾದುದಲ್ಲ. ಧನಿಕನಿಗೆ ಅದು ಎಡಗೈಯಿಂದ ಎಸೆಯುವ ನಾಣ್ಯ, ಕೂಲಿಯವನಿಗೆ ಹೊಟ್ಟೆಯ ಮಾತು. ಯೆರೂಸಲೇಮಿನ ದೇವಾಲಯವಿದ್ದ ಕಾಲದಲ್ಲಿ ವರ್ಷವರ್ಷವೂ ಆದಾರ್ ಮಾಸದ ಮೊದಲ ದಿನ ಈ ಕಾಣಿಕೆಯ ವಿಷಯವನ್ನು ಸಾರುತ್ತಿದ್ದರು. ಭಿಕ್ಷೆಯಿಂದ ಬದುಕುವವನೂ ಅದನ್ನು ಕೊಡಬೇಕು, ಕೈಯಲ್ಲಿಲ್ಲದಿದ್ದರೆ ಸಾಲ ಮಾಡಿಯಾಗಲಿ ಉಟ್ಟ ಬಟ್ಟೆಯನ್ನು ಮಾರಿಯಾಗಲಿ ಕೊಡಬೇಕು ಎಂದು 12ನೆಯ ಶತಮಾನದ ಮಹಾಪಂಡಿತ ಮೈಮೋನಿಡೀಸನು ಪೂರ್ವಶಾಸ್ತ್ರವನ್ನು ಸಂಗ್ರಹಿಸಿ ಬರೆದಿರುವನು. ಇದು ನಿಷ್ಠುರವಲ್ಲವೆ? ನಿಷ್ಠುರವೇ ಸರಿ. ಬಡವನಿಗೆ ವಿನಾಯಿತಿ ಕೊಡುವುದು ದಯೆಯೆಂದು ಯಾರಿಗಾದರೂ ತೋರುವುದು. ಆದರೆ ವಿನಾಯಿತಿಯನ್ನು ಪಡೆದವನು ಆ ಕ್ಷಣದಿಂದಲೇ ಸಭೆಯ ಅತಿಥಿಯಾಗುವನು, ಯಜಮಾನನಾಗಿ ಉಳಿಯನು. ಆ ಬೆಳ್ಳಿಯಿಂದ ಕೊಂಡ ನಿತ್ಯಬಲಿಯು ಸಮಸ್ತ ಜನರ ಹೆಸರಿನಲ್ಲಿ ನಡೆಯುತ್ತಿತ್ತು. ತನ್ನ ಪಾಲನ್ನು ಸಲ್ಲಿಸಿದ ಬಡವನು ಅದನ್ನು ದೂರದಿಂದ ನೋಡುವ ಪ್ರೇಕ್ಷಕನಾಗಿರಲಿಲ್ಲ. ಶಾಸ್ತ್ರಕಾರರು ಬಡವನ ಬಟ್ಟೆಗಿಂತ ಅವನ ಯಜಮಾನಿಕೆಯನ್ನು ದೊಡ್ಡದೆಂದು ಬಗೆದಂತೆ ಕಾಣುವುದು. ಇದನ್ನು ಒಪ್ಪದಿರುವುದಕ್ಕೂ ಕಾರಣಗಳುಂಟು. ಬಟ್ಟೆ ಮಾರಿದವನ ಚಳಿಯನ್ನು ಶಾಸ್ತ್ರವು ತಡೆಯಲಾರದು. ಆ ಚಳಿಗೆ ಮದ್ದನ್ನು ಅವರು ಬೇರೆ ಕಡೆ ಇಟ್ಟಿದ್ದರು. ಅದು ಮುಂದೆ ಬರುವುದು.

ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಸುಟ್ಟರು. ಬಲಿಪೂಜೆಯು ನಿಂತು, ಊರೂರಿನ ಸಭಾಮಂದಿರಗಳೇ ಆರಾಧನೆಯ ನೆಲೆಗಳಾದುವು. ಪೂರ್ಣವಾದ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಪುರುಷರು ಕೂಡಬೇಕೆಂಬುದು ನಿಯಮ. ಸುಧಾರಣಾಪಂಥದ ಸಭೆಗಳಲ್ಲಿ ಈಗ ಸ್ತ್ರೀಯರನ್ನೂ ಎಣಿಸುವರು. ಈ ಹತ್ತರ ಲೆಕ್ಕದಲ್ಲಿ ಕುಬೇರನೂ ಒಂದೇ, ಕೂಲಿಯವನೂ ಒಂದೇ. ಒಂಬತ್ತು ಮಂದಿ ಲಕ್ಷಾಧೀಶರು ಕುಳಿತಿದ್ದರೂ ಹತ್ತನೆಯವನಾಗಿ ಬರುವ ಜೋಡು ಹೊಲಿಯುವವನಿಗಾಗಿ ಬಾಗಿಲತ್ತ ನೋಡುತ್ತ ಕಾಯಬೇಕು. ಅರ್ಧ ಶೆಕೆಲ್ಲಿನ ಸಮತೆಯು ಬೆಳ್ಳಿಯನ್ನು ಬಿಟ್ಟು ಮನುಷ್ಯರ ತಲೆಗಳಿಗೆ ಬಂದು ಸೇರಿತೆನ್ನಬಹುದು.

ಹತ್ತು ಮಂದಿ ಕೂಡಿದ ಮೇಲೆ ಮತ್ತೆ ದ್ರವ್ಯದ ಮಾತು. ಸಬ್ಬತ್ತಿನ ಬೆಳಗ್ಗೆ ಧರ್ಮಶಾಸ್ತ್ರದ ಸುರುಳಿಯನ್ನು ಹೊರಗೆ ತೆಗೆದು ಏಳು ಮಂದಿಯನ್ನು ಪಾರಾಯಣಕ್ಕೆ ಕರೆಯುವರು. ಮೊದಲು ಯಾಜಕವಂಶದವನು, ಆಮೇಲೆ ಲೇವಿಯನು, ಅನಂತರ ಉಳಿದವರು. ಸುರುಳಿಯ ಪೆಟ್ಟಿಗೆಯನ್ನು ತೆರೆಯುವುದು, ಸುರುಳಿಯನ್ನು ಎತ್ತಿ ತೋರಿಸುವುದು, ಅದನ್ನು ಕಟ್ಟುವುದು, ಇವೆಲ್ಲವೂ ಮರ್ಯಾದೆಯ ಕೆಲಸಗಳು. ಅನೇಕ ಸಭೆಗಳಲ್ಲಿ, ವಿಶೇಷವಾಗಿ ಹಬ್ಬಗಳಲ್ಲಿ, ಈ ಮರ್ಯಾದೆಗಳನ್ನು ಸವಾಲಿಗೆ ಹಾಕುವ ಪದ್ಧತಿಯುಂಟು. ಹೆಚ್ಚು ಕೂಗಿದವನಿಗೆ ಮರ್ಯಾದೆ, ಬಂದ ಹಣವು ಸಭೆಗೆ. ಆದರೆ ಸಬ್ಬತ್ತಿನಂದು ಹಣವನ್ನು ಮುಟ್ಟುವುದೂ ನಿಷಿದ್ಧ, ಬರೆಯುವುದೂ ನಿಷಿದ್ಧ. ಆದುದರಿಂದ ಕೂಗಿದ್ದು ಬರಿಯ ವಾಗ್ದಾನ, ಸಲ್ಲಿಸುವುದು ಆಮೇಲೆ. ಅಮೆರಿಕದ ಸಭೆಗಳಲ್ಲಿ ದೋಷಪರಿಹಾರಕ ದಿನದ ಹಿಂದಿನ ಸಂಜೆ, ಮಂದಿರವು ಕಿಕ್ಕಿರಿದಿರುವಾಗ, ಧನಸಹಾಯದ ಬಿನ್ನಹವು ನಡೆಯುವುದುಂಟು. ಮೊತ್ತಗಳನ್ನು ಮುದ್ರಿಸಿದ ಚೀಟಿಯೊಂದನ್ನು ಮೊದಲೇ ಕೊಟ್ಟಿರುವರು. ಲೇಖನಿಯನ್ನು ಹಿಡಿಯದೆ, ತನಗೊಪ್ಪುವ ಮೊತ್ತದ ಅಂಚನ್ನು ಮಡಿಸಿ ಹಿಂದಿರುಗಿಸಿದರೆ ಸಾಕು. ಪಾಪವನ್ನು ನೆನೆದು ಕರಗಿದ ಮನಸ್ಸಿನ ಎದುರು ಚೀಟಿಯನ್ನು ಹಿಡಿಯುವುದು ಜಾಣತನವೊ, ಅನೌಚಿತ್ಯವೊ? ಎರಡೂ ಹೌದೆನ್ನದೆ ವಿಧಿಯಿಲ್ಲ.

ಸವಾಲಿನ ಪರವಾಗಿ ನುಡಿಯುವವರ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಮಾನದ ಆಸೆಯು ಮನುಷ್ಯನಲ್ಲಿ ಹೇಗೂ ಇದ್ದೇ ಇದೆ. ಅದನ್ನು ಮದುವೆಯ ಚಪ್ಪರದಲ್ಲಿ, ಕುದುರೆ ಸಾರೋಟಿನಲ್ಲಿ ಸುಡುವ ಬದಲು ಸಭೆಯ ಎಣ್ಣೆಯಾಗಿ ಉರಿಸಿದರೆ ತಪ್ಪೇನು ಎಂದು ಅವರು ಕೇಳುವರು. 13ನೆಯ ಶತಮಾನದಲ್ಲಿ ಬಾರ್ಸಿಲೋನಾ ನಗರದ ಪಂಡಿತ ಸೊಲೊಮೋನ್ ಬೆನ್ ಅದ್ರೆತನು, ಸಭಾಮಂದಿರಕ್ಕೆ ಕೊಟ್ಟವನ ಹೆಸರನ್ನು ಕೆತ್ತಿಸುವುದು ಯೋಗ್ಯವೆಂದು ನಿರ್ಣಯವಿತ್ತನು. ಒಳಿತನ್ನು ಮಾಡಿದವರ ಹೆಸರನ್ನು ಧರ್ಮಗ್ರಂಥವೇ ಬರೆದಿಟ್ಟಿದೆಯಲ್ಲವೆ ಎಂಬುದು ಅವನ ಯುಕ್ತಿ. ಮರ್ಯಾದೆಯನ್ನು ಕೊಂಡವನು ಅದನ್ನು ತಾನೇ ಅನುಭವಿಸಬೇಕೆಂಬ ಕಟ್ಟೂ ಇಲ್ಲ. ಕೊಂಡು ಮತ್ತೊಬ್ಬನಿಗೆ ಬಿಟ್ಟುಕೊಡುವವರುಂಟು. ಅಲ್ಲಿ ಹಣದ ಸವಾಲೇ ವಿನಯಕ್ಕೆ ದಾರಿಯಾಗುವುದು.

ಇಷ್ಟಾದರೂ ಹೆಸರನ್ನು ಕೆತ್ತುವುದು ಬೇರೆ, ಮಾತನ್ನು ಕೊಳ್ಳುವುದು ಬೇರೆ. ದಾನಿಯು ಕಲ್ಲಿನ ಮೇಲೆ ಹೆಸರನ್ನು ಪಡೆದು ತೃಪ್ತನಾದರೆ ಸಭೆಗೆ ಕೇಡಿಲ್ಲ. ಅವನು ಬೋಧಕನ ನಾಲಗೆಯನ್ನು ಕೊಳ್ಳಲೆಳಸಿದರೆ ಕೇಡು. ನ್ಯೂಯಾರ್ಕ್ ನಗರದಲ್ಲಿ ಇದರ ಪರೀಕ್ಷೆಯೊಂದು ನಡೆಯಿತು. ಅಲ್ಲಿನ ಬಹು ಶ್ರೀಮಂತವಾದ ಇಮ್ಮಾನುಯೆಲ್ ಮಂದಿರದ ಬೋಧಕಪೀಠವು ಸ್ಟೀಫನ್ ವೈಸ್ ಎಂಬ ತರುಣ ಪಂಡಿತನ ಕಡೆಗೆ ಬಂದಿತು. ಪೀಠವು ಧರ್ಮದರ್ಶಿಮಂಡಲಿಯ ಅಧೀನವೆಂಬ ನಿಬಂಧನೆಯನ್ನು ಒಪ್ಪದೆ ಅವನು ಅದನ್ನು ಬಿಟ್ಟನು. 1907ರಲ್ಲಿ ತಾನೇ ಸ್ವತಂತ್ರ ಸಭೆಯೊಂದನ್ನು ಸ್ಥಾಪಿಸಿದನು. ಅಲ್ಲಿ ಬೋಧಕನ ಮಾತಿಗೆ ಅಂಕುಶವಿರಲಿಲ್ಲ. ಬೆಲೆಕೊಟ್ಟು ಕಾದಿರಿಸುವ ಆಸನಗಳೂ ಇರಲಿಲ್ಲ. ಈ ಎರಡನ್ನೂ ಅವನು ಒಟ್ಟಿಗೆ ಇಟ್ಟದ್ದು ಆಕಸ್ಮಿಕವಲ್ಲ. ಆಸನವನ್ನು ಮಾರಿದ ಸಭೆಗೆ ಆಸನದಲ್ಲಿ ಕುಳಿತವನ ಮುಖವನ್ನು ನೋಡಿ ಮಾತನಾಡುವ ಅಭ್ಯಾಸವು ತಾನಾಗಿಯೇ ಬರುವುದು.

ಈಗ ಬಟ್ಟೆ ಮಾರಿದವನ ಚಳಿಯ ವಿಷಯ. ಬಡವರಿಗಾಗಿ ಯೆಹೂದ್ಯರ ಊರುಗಳಲ್ಲಿ ಎರಡು ಏರ್ಪಾಡುಗಳಿದ್ದುವು. ದಿನದಿನದ ಅನ್ನಕ್ಕೆ ಒಂದು ಪಾತ್ರೆ, ವಾರದ ಜೀವನಕ್ಕೆ ಒಂದು ಹುಂಡಿ. ಹುಂಡಿಗೆ ಹಣವನ್ನು ಎತ್ತುವಾಗ ಇಬ್ಬರಿಗೆ ಕಡಮೆಯಿರಬಾರದು, ಹಂಚುವಾಗ ಮೂವರಿರಬೇಕು. ಎತ್ತುವ ಅಧಿಕಾರಕ್ಕಿಂತ ಹಂಚುವ ಅಧಿಕಾರವು ಹೆಚ್ಚು ಅಪಾಯಕರವೆಂದು ಅವರು ಕಂಡುಕೊಂಡಿದ್ದರು. ಎತ್ತುವವರು ಪೇಟೆಯಲ್ಲಿ ಒಬ್ಬರನ್ನೊಬ್ಬರು ಅಗಲಬಾರದು. ಆ ವೇಳೆಯಲ್ಲಿ ದಾರಿಯಲ್ಲಿ ನಾಣ್ಯ ಸಿಕ್ಕಿದರೂ ತನ್ನ ಜೇಬಿಗೆ ಹಾಕಿಕೊಳ್ಳದೆ ಹುಂಡಿಯ ಚೀಲಕ್ಕೆ ಹಾಕಬೇಕು, ನೋಡಿದವರು ಏನೆಂದಾರು? ಪಂಚರ ಕೈಯಲ್ಲಿ ಊರ ಹಣವಿರುವ ಯಾವ ದೇಶದಲ್ಲಾದರೂ ಇದನ್ನು ಗೋಡೆಯ ಮೇಲೆ ಬರೆಸಬಹುದು. ಈ ಹುಂಡಿಯಿಲ್ಲದ ಯೆಹೂದ್ಯ ಸಭೆಯನ್ನು ತಾನು ಕಂಡದ್ದೂ ಇಲ್ಲ ಕೇಳಿದ್ದೂ ಇಲ್ಲವೆಂಬ ಅರ್ಥದ ಮಾತು ಮೈಮೋನಿಡೀಸನಲ್ಲಿದೆ. ಅವನು ದಾನಕ್ಕೆ ಎಂಟು ಮೆಟ್ಟಲುಗಳನ್ನು ಹೇಳಿರುವನು. ಎಲ್ಲಕ್ಕೂ ಕೆಳಗಿನದು ಮುಖ ಗಂಟಿಕ್ಕಿ ಕೊಡುವುದು. ಮೇಲಿನಿಂದ ಎರಡನೆಯದು ಕೊಟ್ಟವನಿಗೆ ಪಡೆದವನು ತಿಳಿಯದೆ, ಪಡೆದವನಿಗೆ ಕೊಟ್ಟವನು ತಿಳಿಯದೆ ನಡೆಯುವುದು. ಇದಕ್ಕೆ ನಿದರ್ಶನವು ಪೂರ್ವದ ದೇವಾಲಯದಲ್ಲಿದ್ದ ಗುಪ್ತದಾನದ ಕೋಣೆ. ಭಕ್ತರು ಅಲ್ಲಿ ಗುಟ್ಟಾಗಿ ಇಟ್ಟು ಹೋಗುತ್ತಿದ್ದರು. ಕೆಟ್ಟು ಬಡವರಾದ ಕುಲೀನರು ಗುಟ್ಟಾಗಿ ಒಯ್ಯುತ್ತಿದ್ದರು. ಎಲ್ಲಕ್ಕೂ ಮೇಲಿನದು ಸಾಲವನ್ನೋ ಪಾಲುಗಾರಿಕೆಯನ್ನೋ ಕೆಲಸವನ್ನೋ ಒದಗಿಸಿ, ಅವನು ಮತ್ತೆ ಕೈ ಚಾಚದಂತೆ ಮಾಡುವುದು. ಆ ಮೆಟ್ಟಲಿನಲ್ಲಿ ನಿನ್ನೆ ಪಡೆದವನು ನಾಳೆ ಹುಂಡಿಗೆ ಹಾಕುವವನಾಗುವನು. ಮಾರಿದ ಬಟ್ಟೆಯೂ ಹಿಂದಿರುಗುವುದು.

ಎಲ್ಲಿ ಸಿರಿವಂತನ ರೀತಿಯೂ ಬಡವನ ರೀತಿಯೂ ಎದುರುಬದುರಾದುವೋ ಅಲ್ಲಿ ಅವರ ಹಿರಿಯರು ಮಾಡಿದ ತೀರ್ಪು ಗಮನಾರ್ಹ. ಸಾವಿನ ಮನೆಗೆ ನೆರೆಯವರು ಆಹಾರವನ್ನು ಒಯ್ಯುವಾಗ ಸಿರಿವಂತರಿಗೆ ಬೆಳ್ಳಿ ಬಂಗಾರದ ಬುಟ್ಟಿಗಳಲ್ಲಿಯೂ ಬಡವರಿಗೆ ಸುಲಿದ ಬೆತ್ತದಂತಹ ಕಡ್ಡಿಯ ಬುಟ್ಟಿಗಳಲ್ಲಿಯೂ ಒಯ್ಯುತ್ತಿದ್ದರಂತೆ. ಬಡವರು ನಾಚಿದರು. ಇನ್ನು ಮುಂದೆ ಎಲ್ಲರಿಗೂ ಕಡ್ಡಿಯ ಬುಟ್ಟಿಯೇ ಎಂದು ಕಟ್ಟುಮಾಡಿದರು. ಶವಸಂಸ್ಕಾರದ ವೆಚ್ಚವಂತೂ ಸಾವಿಗಿಂತ ಕ್ರೂರವಾಗಿ, ಕೆಲವರು ಶವವನ್ನೇ ಬಿಟ್ಟು ಓಡಿಹೋಗುತ್ತಿದ್ದರೆಂದು ತಾಲ್ಮುದ್ ಹೇಳುವುದು. ಜನನಾಯಕನಾದ ರಬ್ಬಾನ್ ಗಮಲಿಯೇಲನು ತನ್ನ ಶವವನ್ನು ಸಾದಾ ನಾರುಬಟ್ಟೆಯಲ್ಲಿ ಒಯ್ಯಬೇಕೆಂದು ವಿಧಿಸಿದನು. ಅಂದಿನಿಂದ ಎಲ್ಲರೂ ಅದನ್ನೇ ಅನುಸರಿಸಿದರು.

ಭಾರತದಲ್ಲಿಯೂ ಈ ಜನರು ಪ್ರಾಚೀನಕಾಲದಿಂದ ನೆಲಸಿದ್ದಾರೆ. ಕೊಂಕಣದ ಬೆನೆ ಇಸ್ರಾಯೇಲರು ಹಿಂದೆ ಎಣ್ಣೆಗಾಣದ ವೃತ್ತಿಯವರಾಗಿದ್ದರು. ಶನಿವಾರ ಗಾಣವನ್ನು ಹೂಡದ ಕಾರಣ ಶನಿವಾರ ತೇಲಿಗಳೆಂದೇ ಹೆಸರಾದರು. ಏಳು ದಿನಗಳಲ್ಲಿ ಒಂದು ದಿನದ ದುಡಿಮೆಯನ್ನು ಬಿಟ್ಟುಕೊಡುವುದು ಬಡವನು ಸಲ್ಲಿಸುವ ಮೊದಲ ಕಾಣಿಕೆ. ಅದಕ್ಕೆ ಯಾವ ಪಟ್ಟಿಯೂ ಬೇಕಿಲ್ಲ. ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರನು ಮೈಸೂರಿನ ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಸೆರೆಸಿಕ್ಕಿ, ಬದುಕಿ ಬಂದರೆ ಸಭಾಮಂದಿರವನ್ನು ಕಟ್ಟಿಸುವೆನೆಂದು ಹರಕೆ ಹೊತ್ತನೆಂದು ಅವರ ಪರಂಪರೆಯಲ್ಲಿ ಹೇಳುವರು. ಮುಂಬಯಿಯಲ್ಲಿ ಅವನು ಕಟ್ಟಿಸಿದ ಮಂದಿರವು 1796ರದು.

ಕೊಚ್ಚಿಯ ಕಥೆಯು ಬೇರೆ ಬಗೆಯದು. ಮಟ್ಟಾಂಚೇರಿಯ ಪರದೇಶಿ ಸಭಾಮಂದಿರವು 1568ರಲ್ಲಿ ಕಟ್ಟಲ್ಪಟ್ಟಿತು. ಚೀನಾದೇಶದ ನೀಲಿ ಬಿಳುಪಿನ ಹಾಸುಬಿಲ್ಲೆಗಳು, ತೂಗುದೀಪಗಳು, ಹೊರಗೆ ಗಡಿಯಾರದ ಗೋಪುರ, ಹೀಗೆ ವರ್ತಕರ ಔದಾರ್ಯವು ಅಲ್ಲಿ ಎದ್ದು ಕಾಣುವುದು. ಆದರೆ ಬಿಡುಗಡೆ ಹೊಂದಿದ ದಾಸರ ಸಂತತಿಯವರಿಗೆ ಅದರೊಳಗೆ ಬಹುಕಾಲ ಸಮಾನಸ್ಥಾನವಿರಲಿಲ್ಲ. ಅವರನ್ನು ಪಾರಾಯಣಕ್ಕೆ ಕರೆಯುತ್ತಿರಲಿಲ್ಲ. ಹಣದಿಂದ ಬಂದ ಹಿರಿತನವು ಹಣದೊಡನೆ ಹೋದೀತು, ಹುಟ್ಟಿನದು ಹೋಗದು. ಆ ಸಂತತಿಯಲ್ಲಿ ಹುಟ್ಟಿ ವಕೀಲರಾದ ಅಬ್ರಹಾಂ ಬರಾಕ್ ಸೇಲಂ (1882–1967) ಅವರು ಸತ್ಯಾಗ್ರಹಮಾರ್ಗವನ್ನು ಹಿಡಿದು ಸಭಾಮಂದಿರದಲ್ಲಿಯೇ ಇದನ್ನು ಪ್ರತಿಭಟಿಸಿದರು. ಯೆಹೂದ್ಯ ಗಾಂಧಿಯೆಂದು ಅವರನ್ನು ಜನರು ಕರೆದರು. ಕಟ್ಟುಗಳು ಒಂದೊಂದಾಗಿ, ಬಹು ನಿಧಾನವಾಗಿ ಸಡಿಲವಾದುವು.

1948ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಕೊಚ್ಚಿಯ ಯೆಹೂದ್ಯರಲ್ಲಿ ಬಹುಪಾಲು ಜನರು ಅಲ್ಲಿಗೆ ತೆರಳಿದರು. ಹಾಸುಬಿಲ್ಲೆಗಳೂ ದೀಪಗಳೂ ಹಾಗೆಯೇ ಉಳಿದಿವೆ. ಊರಲ್ಲಿ ಉಳಿದವರಿಂದ ಹತ್ತು ಮಂದಿಯ ಎಣಿಕೆಯು ತುಂಬುವುದಿಲ್ಲ. ಪರಸ್ಥಳದ ಯೆಹೂದ್ಯ ಪ್ರವಾಸಿಗಳು ಬಂದು ಸೇರಿದ ದಿನ ಮಾತ್ರ ಪೂರ್ಣ ಪ್ರಾರ್ಥನೆಯು ನಡೆಯುವುದು. ಆ ದಿನ ಬಾಗಿಲಲ್ಲಿ ಕಾಣಿಸಿಕೊಂಡ ಹತ್ತನೆಯವನನ್ನು ನೀನು ಯಾರ ಸಂತತಿಯವನೆಂದು ಕೇಳುವವರು ಅಲ್ಲಿ ಯಾರೂ ಇಲ್ಲ.