ಅಗ್ಗದ ಊರಿನ ಲೆಕ್ಕ

ಒಂದು ದೇಶದಲ್ಲಿ ವಾಸವಾಗಿದ್ದು ಇನ್ನೊಂದು ದೇಶದ ಕಂಪೆನಿಗೆ ಲ್ಯಾಪ್‌ಟಾಪಿನ ಮೂಲಕ ದುಡಿಯುವವರು ಕೊರೋನಾ ನಂತರ ಬಹಳ ಹೆಚ್ಚಿದ್ದಾರೆ. ಊರನ್ನು ಆರಿಸುವಾಗ ಇವರು ಮೊದಲು ಕೇಳುವುದು, ಅಲ್ಲಿ ತಿಂಗಳಿಗೆ ಖರ್ಚೆಷ್ಟು ಎಂದು. ಬಾಡಿಗೆ, ದಿನಸಿ, ಇಂಟರ್‌ನೆಟ್, ಆರೋಗ್ಯ ವಿಮೆ, ಊರಿಗೆ ಹೋಗಿಬರುವ ಟಿಕೇಟು ಎಲ್ಲವನ್ನೂ ಬರೆದು, ಹೆಚ್ಚು ಉಳಿಯುವ ಕಡೆಗೆ ಹೊರಡುತ್ತಾರೆ. ಇದರಲ್ಲಿ ತಪ್ಪೇನಿದೆ? ಮಿತವ್ಯಯವನ್ನು ಸದ್ಗುಣವೆಂದೇ ನಾವೆಲ್ಲ ಕಲಿತವರು. ಸಾಲ ಮಾಡಿ ಮೆರೆಯುವುದಕ್ಕಿಂತ ಲೆಕ್ಕವಿಟ್ಟು ಬದುಕುವುದು ಎಷ್ಟೋ ಮೇಲು. ಆದರೆ ಒಂದು ಊರು ಅಗ್ಗವಾಗಿದೆ ಎಂದರೆ ಅರ್ಥವೇನು ಎಂದು ನಾವು ಕೇಳಿಕೊಳ್ಳುವುದು ಅಪರೂಪ. ಅಲ್ಲಿ ಅಡುಗೆ ಮಾಡುವವನ, ಗುಡಿಸುವವಳ ಕೂಲಿ ಕಡಿಮೆ ಎಂಬುದೂ ಅದರ ಒಂದು ಅರ್ಥ ತಾನೇ?

ಪೋರ್ಚುಗಲ್ ದೇಶವನ್ನೇ ನೋಡಿ. ದೂರದಿಂದ ದುಡಿಯುವವರಿಗಾಗಿ ಅದು 2022ರ ಅಕ್ಟೋಬರ್ ಕೊನೆಯಲ್ಲಿ ಒಂದು ವೀಸಾ ಆರಂಭಿಸಿತು. ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕೆಂಬುದು ಷರತ್ತು. 2025ರಲ್ಲಿ ಕನಿಷ್ಠ ವೇತನ ತಿಂಗಳಿಗೆ 870 ಯೂರೋ ಇತ್ತು. ಅಂದರೆ ಆಗ ಅರ್ಜಿದಾರನಿಗೆ 3480 ಯೂರೋ ಬೇಕಿತ್ತು. ಆದಾಯದ ಮೂರನೇ ಒಂದಂಶವನ್ನು ಬಾಡಿಗೆಗೆ ಮೀಸಲಿಡಬಹುದೆಂಬ ರೂಢಿಯ ಸೂತ್ರದಂತೆ ಆತ 1160 ಯೂರೋವನ್ನು ಚಿಂತೆಯಿಲ್ಲದೆ ಕೊಡಬಹುದಿತ್ತು. ಅದೇ ಬೀದಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುವವನಿಗೆ? ಕನಿಷ್ಠ ವೇತನ ಅಲ್ಲಿ ವರ್ಷಕ್ಕೆ 14 ಕಂತುಗಳಲ್ಲಿ ಸಿಗುತ್ತದೆ. ಆ ವರ್ಷದ್ದನ್ನು 12 ತಿಂಗಳಿಗೆ ಹಂಚಿದರೂ 1015 ಯೂರೋ ಆಗುತ್ತಿತ್ತು. ಒಬ್ಬನ ಮಿತವಾದ ಬಾಡಿಗೆ ಇನ್ನೊಬ್ಬನ ಪೂರ್ತಿ ಸಂಬಳವನ್ನು ಮೀರುತ್ತದೆ. ಮನೆಯ ಮಾಲಕ ಯಾರಿಗೆ ಕೀಲಿಕೈ ಕೊಡುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ.

ಲಿಸ್ಬನ್ ನಗರದ ಮನೆ ಬಾಡಿಗೆ ಏರಿದ್ದಕ್ಕೆ ಲ್ಯಾಪ್‌ಟಾಪಿನವರೊಬ್ಬರೇ ಕಾರಣ ಎನ್ನುವುದು ಅನ್ಯಾಯ. 2012ರಲ್ಲಿ ಬಾಡಿಗೆ ಕಾನೂನು ಸಡಿಲವಾಯಿತು, ಮನೆಗಳು ಪ್ರವಾಸಿಗರ ತಂಗುದಾಣಗಳಾದವು, ಆಸ್ತಿ ಕೊಂಡ ಶ್ರೀಮಂತ ವಿದೇಶೀಯರಿಗೆ ವಾಸದ ಪರವಾನಗಿ ಸಿಕ್ಕಿತು. 2023ರ ಏಪ್ರಿಲ್ 1ರಂದು ಸಾವಿರಾರು ಜನ ಮನೆಗಾಗಿ ಬೀದಿಗಿಳಿದರು. ಅದೇ ನಗರದಲ್ಲಿ ಮೊರಾರಿಯ ಎಂಬ ಹಳೆಯ ಕೇರಿಯಿದೆ. 1147ರಲ್ಲಿ ನಗರವು ಕ್ರೈಸ್ತ ದೊರೆಯ ಕೈಸೇರಿದ ಬಳಿಕ ಮುಸ್ಲಿಮರಿಗೆ ವಾಸಕ್ಕೆ ಬಿಟ್ಟುಕೊಟ್ಟ ಜಾಗವದು. ಇಂದು ಅಲ್ಲಿ ಬಾಂಗ್ಲಾದೇಶ, ಪಾಕಿಸ್ತಾನ, ಭಾರತಗಳಿಂದ ಹೋದ ಕೂಲಿಯವರೂ ಅಂಗಡಿಯವರೂ ಇದ್ದಾರೆ. 2023ರ ಫೆಬ್ರವರಿಯಲ್ಲಿ ವಲಸಿಗರು ಕಿಕ್ಕಿರಿದು ವಾಸಿಸುತ್ತಿದ್ದ ಒಂದು ಕಟ್ಟಡಕ್ಕೆ ಬೆಂಕಿ ಬಿದ್ದು ಇಬ್ಬರು ಸತ್ತರು. ಅವರೂ ದುಡಿಯಲು ವಿದೇಶಕ್ಕೆ ಬಂದವರ ನಡುವೆ ಬಾಳಿದವರೇ. ಅಂಥ ಕಟ್ಟಡಗಳಲ್ಲಿ ಇರುವವರೂ ತಿಂಗಳ ಲೆಕ್ಕ ಹಾಕುತ್ತಾರೆ. ಬಾಡಿಗೆಯನ್ನು ಎಷ್ಟು ಜನರ ನಡುವೆ ಹಂಚಿಕೊಂಡರೆ ಮನೆಗೆ ಹಣ ಕಳಿಸಬಹುದು ಎಂಬುದೇ ಆ ಲೆಕ್ಕ.

ಲಿಸ್ಬನ್ನಿನ ಬಗ್ಗೆ ಹೀಗೆ ಬರೆಯುವಾಗ ನಮ್ಮ ಕರಾವಳಿಯೂ ಕಣ್ಣ ಮುಂದೆ ಬರುತ್ತದೆ. ದುಬೈಯಲ್ಲಿ ಒಂದೇ ಕೋಣೆಯಲ್ಲಿ ಬೆಡ್ ಸ್ಪೇಸ್ ಹಿಡಿದು, ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ನಮ್ಮವರ ದಿರ್ಹಮು ಊರಿಗೆ ಬಂದು ಐದು ಸೆಂಟ್ಸ್ ಜಾಗ ಹುಡುಕಿತು. ಆ ಹಣ ಬೆವರಿನದು, ಅದರಲ್ಲಿ ಸಂಶಯವಿಲ್ಲ. ತಂಗಿಯ ಮದುವೆ, ತಮ್ಮನ ಓದು ಎಲ್ಲವೂ ಅದರಿಂದಲೇ ಆಯಿತು. ಆದರೆ ಜಾಗದ ಬೆಲೆ ಏರಿದಾಗ ಬೀಡಿ ಕಟ್ಟಿ ಬದುಕುವ ಪಕ್ಕದ ಮನೆಯವರಿಗೆ ಅದೇ ಐದು ಸೆಂಟ್ಸ್ ಕೈಗೆ ಎಟುಕದೆ ಹೋಯಿತು. ನಾವು ಅದನ್ನು ಊರಿನ ಅಭಿವೃದ್ಧಿ ಎಂದೆವು. ಲಿಸ್ಬನ್ನಿನ ಮನೆ ಮಾಲಕರೂ ಹಾಗೆಯೇ ಹೇಳುತ್ತಾರೇನೋ!

ಹಾಗಾದರೆ ಹೊರಡುವವರು ಹೊರಡಬಾರದೇ? ಹಾಗೆ ಹೇಳುವ ಹಕ್ಕು ನಮಗಿಲ್ಲ. ಒಬ್ಬನೇ ಹಿಂದೆ ಸರಿದರೆ ಬಾಡಿಗೆ ಇಳಿಯುವುದೂ ಇಲ್ಲ. ಆದರೂ ಪ್ರವಾಸಿಗರ ಫ್ಲಾಟನ್ನು ತಿಂಗಳುಗಟ್ಟಲೆ ಹಿಡಿದಿಡುವುದಕ್ಕೂ ಕರಾರುಪತ್ರ ಮಾಡಿ, ಅಲ್ಲಿಯೇ ತೆರಿಗೆ ಕಟ್ಟಿ, ನೆರೆಯವರ ಭಾಷೆ ಕಲಿತು ಬಾಳುವುದಕ್ಕೂ ವ್ಯತ್ಯಾಸವಿದೆ. ಮಾಲಕ ಕೇಳಿದ್ದಕ್ಕಿಂತ ನೂರು ಯೂರೋ ಹೆಚ್ಚು ಕೊಟ್ಟು ಸರದಿಯಲ್ಲಿದ್ದವನನ್ನು ಹಿಂದಕ್ಕೆ ತಳ್ಳದಿರುವುದೂ ನಮ್ಮ ಕೈಯಲ್ಲೇ ಇದೆ. ಮನೆ ನೋಡಲು ಹೋದಾಗ, ಇಲ್ಲಿ ಮೊದಲು ಯಾರಿದ್ದರು, ಯಾಕೆ ಬಿಟ್ಟರು ಎಂದು ಕೇಳಬಹುದು. ಉತ್ತರ ಕೇಳಿ ಆ ಮನೆ ಬೇಡವೆನಿಸಿದರೆ ಇನ್ನೊಂದನ್ನು ಹುಡುಕಲು ಕೆಲವು ದಿನ, ಸ್ವಲ್ಪ ಹಣ ಹೆಚ್ಚಿಗೆ ಬೇಕಾದೀತು. ಅದನ್ನೂ ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದಿಡಬಹುದು.