ಪುಣ್ಯಕೋಟಿ ಹೋಗ್ತಾಳಾ?

ಕಥೆ ಹೇಳುವಾಗ ನಡುವೆ ನಿಲ್ಲಿಸಿ 'ಮುಂದೇನಾಗಬಹುದು?' ಎಂದು ಮಕ್ಕಳನ್ನು ಕೇಳಬೇಕೆಂದು ಶಿಕ್ಷಕರ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಒಳ್ಳೆಯ ಪದ್ಧತಿ. ಚಿತ್ರ ನೋಡಿ, ಅಲ್ಲಿಯವರೆಗೆ ಕೇಳಿದ್ದನ್ನು ನೆನೆದು, ತನ್ನ ಅನುಭವವನ್ನೂ ಸೇರಿಸಿ ಮಗು ಊಹಿಸುತ್ತದೆ. ಊಹಿಸಿದ ಮೇಲೆ ಕಿವಿಗೊಟ್ಟು ಕೇಳುತ್ತದೆ. ತನ್ನ ಊಹೆ ಏನಾಯಿತೆಂದು ತಿಳಿಯಬೇಕಲ್ಲ! ನಾನೂ ಹೀಗೆ ವರ್ಷಗಟ್ಟಲೆ ಕೇಳಿದವಳೇ. ಆದರೆ ಒಂದು ಮಧ್ಯಾಹ್ನ ಆ ಪ್ರಶ್ನೆ ನನ್ನ ಕಡೆಗೇ ತಿರುಗಿ ನಿಂತಿತು.

ನಲಿ-ಕಲಿ ತರಗತಿಯಲ್ಲಿ ಚಿತ್ರಪುಸ್ತಕ ಹಿಡಿದು ಗೋವಿನ ಹಾಡಿನ ಕಥೆ ಹೇಳುತ್ತಿದ್ದೆ. ಹಸಿದ ಅರ್ಬುತ ಹುಲಿ ಅಡ್ಡಗಟ್ಟಿದೆ. ಕರುವಿಗೆ ಹಾಲು ಕೊಟ್ಟು ಮರಳುತ್ತೇನೆಂದು ಭಾಷೆಯಿತ್ತು ಪುಣ್ಯಕೋಟಿ ದೊಡ್ಡಿಗೆ ಬಂದಿದ್ದಾಳೆ. ಅಲ್ಲಿ ನಿಲ್ಲಿಸಿ, 'ಈಗ ಏನ್ಮಾಡ್ತಾಳೆ?' ಎಂದೆ.

'ಹುಲಿ ಹತ್ರ ಹೋಗ್ತಾಳೆ ಮಿಸ್!' ಎಂದು ಹಲವರು ಕೂಗಿದರು. ಮನೆಯಲ್ಲಿ ಹಾಡು ಕೇಳಿದ್ದವರು. ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ಮಾತ್ರ, 'ಹೋಗಲ್ಲ ಮಿಸ್. ಕರು ಇನ್ನೂ ಚಿಕ್ಕದು' ಎಂದಳು.

'ತಪ್ಪು ಪುಟ್ಟಾ' ಎಂದು ಪುಟ ತಿರುವಿದೆ. ಆ ದಿನ ಅವಳು ಮತ್ತೆ ಬಾಯಿ ಬಿಡಲಿಲ್ಲ.

ಅವಳ ಊಹೆಯಲ್ಲಿ ತಪ್ಪೇನಿತ್ತು? ಕಥೆಯೊಳಗಿನ ಸುಳಿವನ್ನೇ ಹಿಡಿದಿದ್ದಳು: ಹಾಲು ಕುಡಿಯುವ ಕರು, ಅದಕ್ಕೆ ತಾಯಿ ಬಿಟ್ಟರೆ ಬೇರೆ ದಿಕ್ಕಿಲ್ಲ. ಅಮ್ಮ ಎಂದರೆ ಏನೆಂದು ಅವಳಿಗೆ ತನ್ನ ಮನೆಯಿಂದಲೇ ಗೊತ್ತು. 'ಹೋಗ್ತಾಳೆ' ಎಂದವರು ಊಹಿಸಿರಲಿಲ್ಲ, ನೆನಪಿಸಿಕೊಂಡಿದ್ದರು. ನಿಜಕ್ಕೂ ಊಹಿಸಿದವಳು ಅವಳೊಬ್ಬಳೇ.

ಯೋಚಿಸಿದರೆ, ಹುಲಿ ಮೊದಲು ಊಹಿಸಿದ್ದೂ ಅದನ್ನೇ: ಬಿಟ್ಟರೆ ಇವಳು ಬರುವುದಿಲ್ಲ. ಬಾರದಿರಲು ಸಾಧ್ಯವಿತ್ತು, ಆದರೂ ಬಂದಳು ಎಂಬುದರಲ್ಲೇ ಪುಣ್ಯಕೋಟಿಯ ಮಾತಿಗೆ ಬೆಲೆ. ಒಳ್ಳೆಯ ಹಸು, ಬಂದೇ ಬರುತ್ತದೆ ಎಂದು ಮೊದಲೇ ತೀರ್ಮಾನಿಸಿಬಿಟ್ಟರೆ ಆ ಸತ್ಯಕ್ಕೆ ತೂಕವೆಲ್ಲಿಂದ ಬರಬೇಕು? ಭಾಷೆ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು 'ಹೋಗಲ್ಲ' ಎಂಬ ಒಂದೇ ಮಾತಿನಲ್ಲಿ ಆ ಮಗು ಇಡೀ ತರಗತಿಗೆ ತೋರಿಸಿತ್ತು. ನಾನು ಅದನ್ನು ಒರೆಸಿಹಾಕಿದ್ದೆ. ನಾನು ಅಂದು ಕಲಿಸಿದ್ದು ಸತ್ಯವನ್ನೋ, ಮಿಸ್ ಮನಸ್ಸಿನಲ್ಲಿರುವ ಉತ್ತರವನ್ನು ಪತ್ತೆ ಮಾಡುವ ಜಾಣತನವನ್ನೋ?

ಹಾಗಾದರೆ ಕೊನೆ ಗೊತ್ತಿರುವ ಕಥೆಯಲ್ಲಿ ಊಹೆಗೆ ಕೆಲಸವೇ ಇಲ್ಲವೇ? ಯಕ್ಷಗಾನ ನೋಡುವವರನ್ನು ಕೇಳಬೇಕು. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಅವನು ಒಳನುಗ್ಗುವಾಗ ಜೀವ ಬಿಗಿಹಿಡಿದು ಕೂರುತ್ತಾರೆ. ಏನಾಗುತ್ತದೆ ಎಂಬುದು ತಿಳಿದ ಮೇಲೂ ಹೀಗೇ ಆಗಬೇಕಿತ್ತೇ ಎಂಬ ಪ್ರಶ್ನೆ ಉಳಿದಿರುತ್ತದೆ.

ಮುಂದಿನ ವಾರ ಮಕ್ಕಳು ಅದೇ ಕಥೆ ಬೇಕೆಂದರು. ಅದೇ ಜಾಗದಲ್ಲಿ ನಿಲ್ಲಿಸಿ ಆ ಹುಡುಗಿಯತ್ತ ನೋಡಿದೆ. 'ನಿಂಗೇನನ್ಸುತ್ತೆ ಪುಟ್ಟಾ?'

ತುಸು ಹೊತ್ತು ಸುಮ್ಮನಿದ್ದು ಹೇಳಿದಳು: 'ಹೋಗ್ತಾಳೆ ಮಿಸ್. ಆದ್ರೆ ಹೋಗ್ಬಾರ್ದು.'

ಈ ಸಲ ಪುಟ ತಿರುವಲಿಲ್ಲ. 'ಹೌದೇನ್ರೋ, ಹೋಗ್ಬಾರ್ದಾ?' ಎಂದು ಉಳಿದವರನ್ನು ಕೇಳಿದೆ. ಒಬ್ಬ ಭಾಷೆ ಕೊಟ್ಟಿದ್ದಾಳಲ್ಲ ಎಂದ, ಇನ್ನೊಬ್ಬಳು ಕರು ಏನು ಮಾಡಬೇಕು ಎಂದಳು, ಮತ್ತೊಬ್ಬ ಹುಲಿಗೂ ಹಸಿವಲ್ವಾ ಎಂದ. ಗಲಾಟೆಯೋ ಗಲಾಟೆ. ಬೆಲ್ ಹೊಡೆದಾಗಲೂ ಪುಣ್ಯಕೋಟಿ ಇನ್ನೂ ದೊಡ್ಡಿಯಲ್ಲೇ ಇದ್ದಳು.