ಹುಲಿಯ ಲೆಕ್ಕ ಮತ್ತು ಮಕ್ಕಳ ಪಾಠ

ಮಕ್ಕಳಿಗೆ ಜೀವದಯೆಯನ್ನು ಕಲಿಸುವುದು ಹಿರಿಯರ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ದಯೆ ಯಾವ ತಳಹದಿಯ ಮೇಲೆ ನಿಲ್ಲಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ. ಇರುವೆಗೆ ಸಕ್ಕರೆಯನ್ನೂ ಪಾರಿವಾಳಕ್ಕೆ ಕಾಳನ್ನೂ ಹಾಕುವ ಮಗು ದಯೆಯನ್ನು ಸುಲಭವಾಗಿ ಕಲಿಯುತ್ತದೆ. ಆ ಜೀವಿಗಳಿಂದ ಅದಕ್ಕೆ ಭಯವಿಲ್ಲ. ಭಯವನ್ನು ಹುಟ್ಟಿಸುವ, ಅನ್ಯ ಜೀವಿಯನ್ನು ಕೊಂದೇ ಬದುಕುವ ಪ್ರಾಣಿಯ ವಿಷಯದಲ್ಲಿ ನಾವು ಏನನ್ನು ಕಲಿಸಬೇಕು?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯವರಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಕೃಷ್ಣರಾಜನಗರದ ಗದ್ದೆಬಯಲಿನ ಮಗುವಿಗೆ ಹುಲಿಯೆಂದರೆ ಚಿತ್ರದಲ್ಲಿ ಕಂಡ ಪ್ರಾಣಿ. ನಾಗರಹೊಳೆ ಕಾಡಿನ ಅಂಚಿನ ಮಗುವಿಗೆ ಅದು ಮನೆಯ ದನವನ್ನು ಹೊತ್ತೊಯ್ಯುವ ಪ್ರಾಣಿ. ಹಿಂದೆ ಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರು ಸೀಮೆಯಲ್ಲಿ 2025ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಹುಲಿಯ ದಾಳಿಗೆ ಸಿಕ್ಕಿ ರೈತರು ಪ್ರಾಣ ಕಳೆದುಕೊಂಡರು. ಅಂತಹ ಊರಿನ ಮಗುವಿನ ಮುಂದೆ, ಹುಲಿಯೂ ನಮ್ಮಂತೆಯೇ ಒಂದು ಜೀವವೆಂದು ಹೇಳಿ ಮುಗಿಸಿದರೆ ಅದು ಬರಿಯ ಉಪದೇಶವಾದೀತೇ ಹೊರತು ಪಾಠವಾಗದು.

ಕನ್ನಡದ ಮಕ್ಕಳು ಹುಲಿಯನ್ನು ಮೊದಲು ಕಾಣುವುದು ಪುಣ್ಯಕೋಟಿಯ ಕಥೆಯಲ್ಲಿ. ಅಲ್ಲಿ ಹಸುವಿನ ಸತ್ಯಕ್ಕೆ ಮಣಿದ ಹುಲಿ ತನ್ನ ಪ್ರಾಣವನ್ನೇ ಬಿಡುತ್ತದೆ. ಜೈನ ಮನೆಗಳ ಮಕ್ಕಳು ಇದರೊಡನೆ, ಮುನಿಗಳ ಬೋಧೆಯಿಂದ ಮಾಂಸವನ್ನು ತ್ಯಜಿಸಿದ ಸಿಂಹದ ಕಥೆಯನ್ನು, ಅಂದರೆ ಮಹಾವೀರಸ್ವಾಮಿಯ ಪೂರ್ವಭವದ ಕಥೆಯನ್ನು ಕೇಳಿರುತ್ತಾರೆ. ಆತ್ಮವು ಎಷ್ಟು ಎತ್ತರಕ್ಕೆ ಏರಬಲ್ಲದೆಂದು ತಿಳಿಸಲು ಹುಟ್ಟಿದ ಕಥೆಗಳಿವು. ಕಾಡಿನ ಹುಲಿ ಏನು ತಿನ್ನಬೇಕೆಂದು ವಿಧಿಸುವುದು ಇವುಗಳ ಉದ್ದೇಶವಲ್ಲ. ಈ ಭೇದವನ್ನು ತಿಳಿಸದಿದ್ದರೆ ಮಗುವು ಮಾಂಸ ತಿನ್ನುವ ಹುಲಿಯನ್ನು ಪಾಪಿಯೆಂದು ಎಣಿಸುತ್ತದೆ. ಕಥೆಗಳು ಬಿಟ್ಟ ಆ ಸ್ಥಳದಲ್ಲಿ ಒಬ್ಬ ವಿಜ್ಞಾನಿಯ ಜೀವನವನ್ನು ಇರಿಸುವುದು ಉಚಿತ.

ಡಾ. ಕೆ. ಉಲ್ಲಾಸ ಕಾರಂತರು 1948ರಲ್ಲಿ ಪುತ್ತೂರಿನಲ್ಲಿ ಜನಿಸಿದರು. ಸಾಹಿತಿ ಶಿವರಾಮ ಕಾರಂತರ ಪುತ್ರರು. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಕೆಲಕಾಲ ಬೇಸಾಯ ಮಾಡಿ, ಅನಂತರ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಜ್ಞಾನವನ್ನು ಅಭ್ಯಸಿಸಿದರು. 1986ರಿಂದ ನಾಗರಹೊಳೆಯಲ್ಲಿ ಹುಲಿಯನ್ನು ಕುರಿತ ಸಂಶೋಧನೆಯನ್ನು ನಡೆಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಮಕ್ಕಳಿಗೆ ಹೇಳತಕ್ಕದ್ದು ಪ್ರಶಸ್ತಿಯ ವಿಷಯವಲ್ಲ, ಕಾಡಿನ ಸಾಹಸವೂ ಅಲ್ಲ. ಅವರು ಲೆಕ್ಕವನ್ನು ಹೇಗೆ ಮಾಡಿದರೆಂಬುದು.

ಆ ಕಾಲದಲ್ಲಿ ಹೆಜ್ಜೆಗುರುತುಗಳನ್ನು ನೋಡಿ ದೇಶದ ಪ್ರತಿಯೊಂದು ಹುಲಿಯನ್ನೂ ಎಣಿಸಿದೆವೆಂದು ಹೇಳುವ ಪದ್ಧತಿಯಿತ್ತು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ ಮೂಡುತ್ತದೆ. ಆದುದರಿಂದ ಈ ಎಣಿಕೆ ನಂಬತಕ್ಕದ್ದಲ್ಲವೆಂದು ಕಾರಂತರು ಪ್ರಶ್ನಿಸಿದರು. ಒಂದು ಹುಲಿಯ ಪಟ್ಟೆಗಳು ಇನ್ನೊಂದಕ್ಕಿಲ್ಲ. ಕಾಡುದಾರಿಯ ಎರಡು ಬದಿಗೂ ಕ್ಯಾಮೆರಾ ಇರಿಸಿದರೆ, ಹಾದುಹೋಗುವ ಹುಲಿ ತನ್ನ ಚಿತ್ರವನ್ನು ತಾನೇ ತೆಗೆಸಿಕೊಳ್ಳುತ್ತದೆ. ಈ ಚಿತ್ರಗಳಿಗೆ, ಮೀನು ಮೊದಲಾದ ಜೀವಿಗಳ ಅಂದಾಜಿನಲ್ಲಿ ಮೊದಲೇ ಬಳಕೆಯಲ್ಲಿದ್ದ ಗಣಿತವನ್ನು ಅವರು ಅನ್ವಯಿಸಿದರು. ನಾಗರಹೊಳೆಯ ಆ ಫಲಿತಾಂಶ 1995ರಲ್ಲಿ ಪ್ರಕಟವಾಯಿತು.

ಈ ಗಣಿತವನ್ನು ಮನೆಯಲ್ಲಿಯೇ ಕಲಿಸಬಹುದು. ಡಬ್ಬಿಯಲ್ಲಿರುವ ಅವರೆಕಾಳಿನಿಂದ 50 ಕಾಳನ್ನು ತೆಗೆದು, ಶಾಯಿಯ ಗುರುತು ಹಾಕಿ, ಮತ್ತೆ ಡಬ್ಬಿಗೆ ಸುರಿದು ಚೆನ್ನಾಗಿ ಬೆರೆಸಲಿ. ಕಣ್ಣುಮುಚ್ಚಿ ಇನ್ನೊಮ್ಮೆ 50 ಕಾಳು ತೆಗೆಯಲಿ. ಅವುಗಳಲ್ಲಿ 10 ಕಾಳಿಗೆ ಗುರುತಿದ್ದರೆ ಐದಕ್ಕೊಂದು ಕಾಳು ಗುರುತಿನದೆಂದು ತಿಳಿಯುತ್ತದೆ. ಆದುದರಿಂದ ಡಬ್ಬಿಯಲ್ಲಿ ಇರುವುದು ಸುಮಾರು 250. ಮತ್ತೆ ಮತ್ತೆ ಮಾಡಿದರೆ ಉತ್ತರವು ತುಸು ಹೆಚ್ಚುಕಡಿಮೆಯಾಗುವುದನ್ನೂ ಮಗುವು ಕಾಣುತ್ತದೆ. ಇಲ್ಲಿ ‘ಸುಮಾರು’ ಎಂಬ ಮಾತು ಸೋಮಾರಿತನದ್ದಲ್ಲ, ಸತ್ಯನಿಷ್ಠೆಯದು. ಇಷ್ಟು ಬಲ್ಲೆ, ಇದಕ್ಕಿಂತ ಹೆಚ್ಚು ಬಲ್ಲೆನೆಂದು ಹೇಳಲಾರೆ ಎಂಬ ಸಂಯಮ ಅದರಲ್ಲಿದೆ.

ಈ ಸಂಯಮವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ವ್ಯಾಪಾರಿಗಳಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಖಾತೆಯಲ್ಲಿ ದಾಸ್ತಾನು ತೋರಿಸಿ ಗೋದಾಮು ಬರಿದಾಗಿದ್ದರೆ ಅಂಗಡಿ ಮುಳುಗುವುದು ನಿಶ್ಚಯ. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದುದು ಇದೇ. ಗಣತಿಯ ಕಾಗದದಲ್ಲಿ ಹುಲಿಗಳಿದ್ದವು. 2005ರ ವೇಳೆಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. 2001-02ರ ಗಣತಿಯಲ್ಲಿ ದೇಶಕ್ಕೆ 3,642 ಹುಲಿಗಳೆಂದು ಬರೆಯಲಾಗಿತ್ತು. ಹಳೆಯ ಪದ್ಧತಿಯನ್ನು ಕೈಬಿಟ್ಟ ಬಳಿಕ 2008ರಲ್ಲಿ ಪ್ರಕಟವಾದ ಅಂದಾಜು 1,411. ಈ ಅಂತರದಲ್ಲಿ ಸತ್ತ ಹುಲಿಗಳೆಷ್ಟು, ಕಾಗದದಲ್ಲಿ ಮಾತ್ರ ಹುಟ್ಟಿದ್ದ ಹುಲಿಗಳೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಸುಳ್ಳು ಲೆಕ್ಕವು ಬೇಟೆಗಾರನ ಕೋವಿಯಷ್ಟೇ ಘಾತಕವಾಯಿತು. ಅಹಿಂಸೆಯು ಸತ್ಯವನ್ನು ಬಿಟ್ಟು ನಿಲ್ಲಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೇ?

ಚುರುಕಾದ ಮಗು ಇನ್ನೊಂದು ಪ್ರಶ್ನೆ ಕೇಳಬಹುದು: ಜೀವಿಯನ್ನು ಅರಿಯುವುದಕ್ಕಾಗಿ ಅದನ್ನು ನೋಯಿಸಬಹುದೇ? 1990ರ ಸುಮಾರಿಗೆ ಕಾರಂತರು ನಾಗರಹೊಳೆಯ ಕೆಲವು ಹುಲಿಗಳಿಗೆ ಅರಿವಳಿಕೆಯ ಮದ್ದು ಕೊಟ್ಟು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಅವುಗಳ ಸಂಚಾರವನ್ನು ಅಭ್ಯಸಿಸಿದ್ದರು. ಇದನ್ನು ಮುಚ್ಚಿಡಬಾರದು. ಆ ಕ್ಷಣದಲ್ಲಿ ಜೀವಿಗೆ ಬಾಧೆಯುಂಟು, ದೊರೆತ ಅರಿವಿನಿಂದ ಆ ಜೀವಿಯ ಕುಲಕ್ಕೆ ರಕ್ಷಣೆಯೂ ಉಂಟು. ಎರಡನ್ನೂ ಮಗುವಿನ ಮುಂದಿರಿಸಿ ವಿಚಾರಿಸಲು ಬಿಡಬೇಕು. ಮುಟ್ಟದೆಯೇ ಅರಿಯುವ ಕ್ಯಾಮೆರಾದ ವಿಧಾನ ಏಕೆ ಮೇಲೆಂಬುದು ಆಗ ತಾನಾಗಿಯೇ ಹೊಳೆಯುತ್ತದೆ. ಇದೇ ಸೀಮೆಯ ಕಾಕನಕೋಟೆಯಲ್ಲಿ 1971ರವರೆಗೂ ಖೆಡ್ಡಾ ನಡೆಯುತ್ತಿತ್ತು. ಅಲ್ಲಿ ಆನೆಯನ್ನು ಅರಿಯುತ್ತಿದ್ದುದು ಹಿಡಿಯುವುದಕ್ಕಾಗಿ. ಬಿಟ್ಟುಕೊಡುವುದಕ್ಕಾಗಿ ಅರಿಯುವುದು ಬೇರೆಯೇ ಮಾರ್ಗ.

ಹುಲಿಯ ಆಹಾರದ ಲೆಕ್ಕವನ್ನೂ ಹೇಳಬೇಕು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು. ಅದನ್ನು ತಾಳಿಕೊಳ್ಳಲು ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿ ಮೊದಲಾದವು ಸುಮಾರು 500 ಇರಬೇಕೆಂದು ಕಾರಂತರ ಸಂಶೋಧನೆ ತಿಳಿಸುತ್ತದೆ. ಜಿಂಕೆಯನ್ನು ಕದ್ದು ಬೇಟೆಯಾಡುವವನು ಹುಲಿಯ ಅನ್ನವನ್ನೂ ಕದಿಯುತ್ತಾನೆ. ಹುಲಿ ಕೊಲ್ಲುವುದು ಹಸಿವಿಗೆ. ಅದಕ್ಕೆ ಬೇರೆ ಅನ್ನವಿಲ್ಲ. ಆರಿಸಿಕೊಳ್ಳುವ ವಿವೇಕವಿರುವುದು ಮನುಷ್ಯನಿಗೆ, ಹೊಣೆಯೂ ಅವನದೇ.

ಕೊನೆಯದಾಗಿ, ಪ್ರಾಮಾಣಿಕವಾದ ಖಾತೆಯಲ್ಲಿ ಜಮೆಯೊಡನೆ ಖರ್ಚೂ ಇರಬೇಕು. ಹುಲಿ ಉಳಿದುದರ ಸಂತೋಷ ಊರಿನಲ್ಲಿರುವ ನಮ್ಮದು. ಅದರ ಬೆಲೆಯನ್ನು ತೆತ್ತವರು ಕಾಡಂಚಿನ ರೈತರು ಮತ್ತು ನಾಗರಹೊಳೆಯ ಕಾಡನ್ನು ಬಿಟ್ಟು ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಹಾಡಿಗಳಿಗೆ ಬಂದು ನೆಲೆಸಿದ ಆದಿವಾಸಿಗಳು. ದನ ಕಳೆದುಕೊಂಡವನ ಪರಿಹಾರ ತಡವಾದರೆ ಅವನ ಮಗುವಿಗೆ ನಮ್ಮ ಜೀವದಯೆಯ ಮಾತು ರುಚಿಸದು. ರುಚಿಸಬೇಕೆಂದು ಬಯಸುವ ಹಕ್ಕೂ ನಮಗಿಲ್ಲ. ಆದುದರಿಂದ ನಮ್ಮ ಪಾಠಶಾಲೆಗಳಲ್ಲಿ, ಮನೆಗಳಲ್ಲಿ ಈ ವಿಜ್ಞಾನಿಯ ಜೀವನವನ್ನು ಹೇಳುವಾಗ ಹುಲಿಗಳೆಷ್ಟು ಎಂಬುದರ ಪಕ್ಕದಲ್ಲಿ, ಅವುಗಳಿಗಾಗಿ ನಷ್ಟವನ್ನು ಹೊತ್ತವರು ಯಾರು, ನಾವು ಅವರಿಗೆ ಏನು ಕೊಟ್ಟೆವು ಎಂಬುದನ್ನೂ ಬರೆಸೋಣ. ಎರಡು ಕಾಲಮುಗಳನ್ನೂ ತುಂಬಲು ಕಲಿತ ಮಗುವಿನ ದಯೆ, ಹುಲಿಯ ಗರ್ಜನೆ ಕೇಳಿದ ರಾತ್ರಿಯೂ ಅಲುಗದೆ ನಿಂತೀತು.